ಕೋವಿಗೆ ವಿನಾಯಿತಿ ಇದೆ, ತೋಟಾ ತಯಾರಿಕೆಗೆ ಇಲ್ಲ: ಖಾಲಿ ಹಿತ್ತಾಳೆ ತೊಳೆಯುವ ಮುನ್ನ ಒಮ್ಮೆ ಯೋಚಿಸಿ

ಮಡಿಕೇರಿ: ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ನಳಿಗೆ ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ. ಸ್ಪರ್ಧೆ ಮುಗಿದ ಮೇಲೆ ನೆಲದಲ್ಲಿ ಬಿದ್ದ ಖಾಲಿ ತೋಟಾಗಳನ್ನು ಹುಡುಗರು ಹೆಕ್ಕಿಕೊಂಡು ಹೋಗುವುದು ಹೊಸತೇನಲ್ಲ. ಹೊಸತು ಏನಪ್ಪಾ ಅಂದ್ರೆ, ಮೊಬೈಲ್‌ನಲ್ಲಿ ಓಡುವ ಅಮೆರಿಕದ ವಿಡಿಯೊಗಳು. ಖಾಲಿ ತೋಟಾ ತೊಳೆದು, ಚಿನ್ನದ ಹಾಗೆ ಹೊಳೆಯಿಸಿ, ಮನೆಯಲ್ಲೇ ಮತ್ತೆ ಮದ್ದು ತುಂಬುವುದನ್ನು ಅವು ತೋರಿಸುತ್ತವೆ. ನೋಡಿದವರಿಗೆ 'ನಾವೂ ಮಾಡಬಹುದಲ್ಲಾ' ಅನ್ನಿಸುವುದು ಸಹಜ.

ಆದರೆ ಆ ದೇಶದ ಕಾನೂನು ಬೇರೆ, ನಮ್ಮದು ಬೇರೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಪರವಾನಗಿ ಬೇಡ. ಇಲ್ಲಿ ಹಾಗಿಲ್ಲ.

ವಿನಾಯಿತಿ ಯಾವುದಕ್ಕೆ?

ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯ ಬೇರು 1861ರಷ್ಟು ಹಿಂದಕ್ಕೆ ಹೋಗುತ್ತದೆ. ಸ್ವಾತಂತ್ರ್ಯಾನಂತರ ಅದು 1963ರ ಕೇಂದ್ರ ಅಧಿಸೂಚನೆಯಲ್ಲಿ ಮುಂದುವರಿಯಿತು. 2019ರಲ್ಲಿ ಮತ್ತೆ 10 ವರ್ಷ, ಅಂದರೆ 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು.

ಇಲ್ಲೇ ಬಹಳ ಜನ ಎಡವುವುದು. ಈ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗೆ ಸಂಬಂಧಿಸಿದ್ದು. ಅಂದರೆ ಕೋವಿ, ಮದ್ದುಗುಂಡು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮದ್ದುಗುಂಡು ತಯಾರಿಸುವ ವಿಷಯ ಬರುವುದು 5ನೇ ಸೆಕ್ಷನ್‌ನಲ್ಲಿ. ಅದಕ್ಕೆ ಪರವಾನಗಿ ಬೇಕೇ ಬೇಕು. ಖಾಲಿ ತೋಟಾಕ್ಕೆ ಹೊಸ ಕೇಪು, ಮದ್ದು, ಗುಂಡು ಹಾಕಿದರೆ ಕೈಗೆ ಬರುವುದು ಹೊಸ ಮದ್ದುಗುಂಡೇ. ಪರವಾನಗಿ ಇಲ್ಲದೆ ಮಾಡಿ ಸಿಕ್ಕಿಬಿದ್ದರೆ ತಯಾರಿಕೆಯ ಆರೋಪ ಎದುರಿಸಬೇಕಾದೀತು. 2019ರ ತಿದ್ದುಪಡಿಯ ನಂತರ ಅದಕ್ಕೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಒಂದು ಡಬ್ಬಿ ತೋಟಾದ ದುಡ್ಡು ಉಳಿಸಲು ಹೋಗಿ ತೆರುವ ಬೆಲೆ ಇದು.

'ನಮ್ಮ ಅಜ್ಜಂದಿರು ಕೇಪಿನ ಕೋವಿಗೆ ಮದ್ದು ತುಂಬುತ್ತಿರಲಿಲ್ಲವೇ?' ಎಂಬ ಪ್ರಶ್ನೆ ಬರುತ್ತದೆ. ತುಂಬುತ್ತಿದ್ದರು. ಅದು ಕರಿ ಮದ್ದಿಗೆಂದೇ ಮಾಡಿದ ಕೋವಿ, ಪ್ರತಿ ಈಡಿಗೂ ನಳಿಗೆಯ ಬಾಯಿಂದ ತುಂಬಬೇಕು. ತೋಟಾ ಕೋವಿಯ ಹೊಗೆಯಿಲ್ಲದ ಮದ್ದಿನ ಲೆಕ್ಕವೇ ಬೇರೆ. ಅಂದಾಜಿನಲ್ಲಿ ಸ್ವಲ್ಪ ಹೆಚ್ಚಾದರೂ ಒತ್ತಡ ಏರಿ ಕೋವಿಯೇ ಒಡೆಯಬಹುದು.

ಹೊಳಪು ಬಂದರೆ ಗಟ್ಟಿ ಅಂತ ಅರ್ಥವಲ್ಲ

ತೋಟಾದ ಹಿತ್ತಾಳೆಯಲ್ಲಿ ಸುಮಾರು ಶೇ 70 ತಾಮ್ರ, ಶೇ 30 ಸತು. ದೀಪ, ಚೊಂಬು ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಇದೂ ಹೊಳೆಯುತ್ತದೆ, ನಿಜ. ಆದರೆ ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಸತು ಕರಗಿ ಹೊರಟು, ಕೆಂಪು ಕಲೆ ಬಿದ್ದು ಲೋಹ ಸಡಿಲಾಗುತ್ತದೆ. ಅಮೋನಿಯಾ ಇರುವ ಪಾಲಿಶ್ ಇನ್ನೂ ಅಪಾಯ.

ಇದರ ಪಾಠ ಸಿಕ್ಕಿದ್ದೇ ನಮ್ಮ ದೇಶದಲ್ಲಿ. ಬ್ರಿಟಿಷರ ಕಾಲದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳು ತಮ್ಮಷ್ಟಕ್ಕೆ ಬಿರುಕು ಬಿಡುತ್ತಿದ್ದವು. ಮಳೆಗಾಲದ ಬಿರುಕಾದ್ದರಿಂದ ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು ಬಂತು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ ಮತ್ತು ತಯಾರಿಕೆಯಲ್ಲೇ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಹೀಗಾಗುತ್ತದೆ ಎಂದು ಸ್ಪಷ್ಟವಾದದ್ದು 1921ರಲ್ಲಿ. ಮಳೆ, ತೇವ, ಕೊಟ್ಟಿಗೆ ಮೂರೂ ಇರುವ ಜಿಲ್ಲೆ ನಮ್ಮದು. ಕೊಟ್ಟಿಗೆಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ತೋಟಾವನ್ನು ತೊಳೆದರೆ ಕೊಳೆ ಹೋಗುತ್ತದೆ, ಒಳಗಿನ ಬಿರುಕು ಹೋಗುವುದಿಲ್ಲ. ಅಂಥದ್ದು ಈಡಿನ ಹೊತ್ತಿಗೆ ಸೀಳಿದರೆ ಬಿಸಿ ಅನಿಲ ಹೊಡೆಯುವುದು ಹಿಡಿದವನ ಮುಖಕ್ಕೆ.

ಇನ್ನೊಂದು ಮಾತು. ಸ್ಪರ್ಧೆಗಳಲ್ಲಿ ಹೆಚ್ಚು ಬಳಸುವ ಪಾಯಿಂಟ್ 22 ತೋಟಾದಲ್ಲಿ ಸಿಡಿಯುವ ಪದಾರ್ಥ ಇರುವುದು ಅಂಚಿನ ಒಳಗೆ. ಒಮ್ಮೆ ಸುಟ್ಟರೆ ಅದರ ಕಥೆ ಮುಗಿಯಿತು, ಮತ್ತೆ ತುಂಬುವಂಥದ್ದೇ ಅಲ್ಲ. ಹೆಕ್ಕಿ ತಂದು ತೊಳೆದರೂ ಪ್ರಯೋಜನವಿಲ್ಲ.

ಅಡುಗೆಮನೆಗೆ ಬರುವ ಸೀಸ

ಕಾನೂನಿಗಿಂತ ಮೊದಲು ಮನೆಯವರಿಗೆ ತಟ್ಟುವುದು ಸೀಸ. ಕೇಪಿನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತದೆ. ಸುಟ್ಟ ಮೇಲೆ ಅದು ಕಪ್ಪು ಮಸಿಯಾಗಿ ತೋಟಾದೊಳಗೆ ಅಂಟಿರುತ್ತದೆ. ಒಣಗಿದ್ದನ್ನು ಉಜ್ಜಿದರೆ ಧೂಳಾಗಿ ಹಾರುತ್ತದೆ, ನೀರಲ್ಲಿ ತೊಳೆದರೆ ಸಿಂಕಿಗೆ, ಪಾತ್ರೆಗೆ ಸೇರುತ್ತದೆ. ಸೀಸ ಎಷ್ಟು ಕಡಿಮೆ ಇದ್ದರೂ ಸುರಕ್ಷಿತ ಎನ್ನುವ ಮಟ್ಟ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮಕ್ಕಳ ಮೆದುಳಿನ ಬೆಳವಣಿಗೆಗೇ ಅದು ಪೆಟ್ಟು.

ಹಾಗಾದರೆ ಏನು ಮಾಡಬೇಕು?

ನೆನಪಿಗೆಂದು ಒಂದೆರಡು ಖಾಲಿ ತೋಟಾ ಶೋಕೇಸಿನಲ್ಲಿ ಇಟ್ಟವರು ಗಾಬರಿಯಾಗಬೇಕಿಲ್ಲ. ಬೇರೆ ಭಾಗಗಳ ಜತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ ಕಾಯ್ದೆ ಅನ್ವಯಿಸದು ಎಂದು 45ನೇ ಸೆಕ್ಷನ್ ಹೇಳುತ್ತದೆ. ಆದರೆ ಅದರ ಪಕ್ಕದಲ್ಲೇ ಮದ್ದು, ಕೇಪು ಸಿಕ್ಕರೆ ಉದ್ದೇಶ ಏನೆಂದು ನೀವೇ ವಿವರಿಸಬೇಕಾಗುತ್ತದೆ. ಖಾಲಿ ತೋಟಾ ಬ್ಯಾಗಿನಲ್ಲಿ ಮರೆತು ವಿಮಾನ ಹತ್ತಲು ಹೋಗಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಸ್ಪರ್ಧೆ ನಡೆಸುವ ಸಂಘಗಳು ಸಂಜೆ ಮೈದಾನ ಬಿಡುವ ಮುನ್ನ ಖಾಲಿ ತೋಟಾಗಳನ್ನು ಲೆಕ್ಕ ಹಾಕಿ ಸಂಗ್ರಹಿಸಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

2029 ದೂರವೇನಿಲ್ಲ. ವಿನಾಯಿತಿ ಮತ್ತೆ ಚರ್ಚೆಗೆ ಬಂದಾಗ, ಇಷ್ಟು ವರ್ಷ ಕೊಡಗಿನ ಜನ ಕೋವಿಯನ್ನು ಹೇಗೆ ಇಟ್ಟುಕೊಂಡರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾರದ್ದೋ ಮನೆಯ ಹಿತ್ತಲಿನಲ್ಲಿ ನಡೆದ ಒಂದು ಅನಾಹುತ ಅದಕ್ಕೆ ಉತ್ತರವಾಗಬಾರದು.