ಎಂಜಿನ್ ಬದಲಿಸಿದ್ರೆ ಸಾಲದು, ಮೊದಲು ಹಲ್ಲು ಎಣಿಸಿ

ಇವತ್ತಿನ ಬರಹ ಉದ್ದ ಇದೆ. ಅಡಿಕೆ ಒಲೆ ಮುಂದೆ ಕೂತಾಗಲೋ, ಕರೆಂಟು ಹೋಗಿ ಪಂಪ್ ನಿಂತಾಗಲೋ ಓದಿ. ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸೋಕೆ ಹೊರಟವರು ಮಾತ್ರ ಈಗಲೇ ಓದಿ, ಅಡ್ವಾನ್ಸ್ ಕೊಡೋ ಮುಂಚೆ.

ನಮ್ಮ ಮಲೆನಾಡಲ್ಲಿ ಈಗ ಮತ್ತೆ ಹಳೇ ಜೀಪಿನ ಹುಚ್ಚು ಶುರುವಾಗಿದೆ. ಅದು ತಪ್ಪು ಅಂತ ನಾನು ಹೇಳಲ್ಲ. ಜಲ್ಲಿ ಇಲ್ಲದ ತೋಟದ ದಾರಿಯಲ್ಲಿ ಗೊಬ್ಬರದ ಚೀಲ ಹೊತ್ತು ಹತ್ತೋ ಗಾಡಿ ಇದರಷ್ಟು ಇನ್ನೊಂದಿಲ್ಲ. ನನ್ನ ತಕರಾರು ಬೇರೆ. "ಡೀಸೆಲ್ ಎಂಜಿನ್ ಹಾಕ್ಸಿ, ಮೈಲೇಜ್ ಡಬಲ್" ಅಂತ ಒಂದು ಮಾತು ಗ್ಯಾರೇಜಿಂದ ಗ್ಯಾರೇಜಿಗೆ ಓಡಾಡ್ತಾ ಇದೆ. ಅದು ಅರ್ಧ ಸತ್ಯ. ಉಳಿದ ಅರ್ಧ ನಿಮ್ಮ ಹಿಂದಿನ ಆಕ್ಸಲ್ ಒಳಗೆ ಎಣ್ಣೆಯಲ್ಲಿ ಮುಳುಗಿಕೊಂಡಿದೆ, ಅದರ ಸುದ್ದಿ ಯಾರೂ ಎತ್ತಲ್ಲ. ಎಂಜಿನ್ ಮಾರಿದ್ರೆ ದುಡ್ಡು, ಲೆಕ್ಕ ಹೇಳಿದ್ರೆ ಏನು ಸಿಗತ್ತೆ?

ಮೊದಲು ಡೀಸೆಲ್ಲಿಗೆ ಸಲ್ಲಬೇಕಾದ ಮರ್ಯಾದೆ ಕೊಡೋಣ. ಒಂದು ಲೀಟರ್ ಡೀಸೆಲ್ ಒಂದು ಲೀಟರ್ ಪೆಟ್ರೋಲಿಗಿಂತ ತೂಕ ಜಾಸ್ತಿ. ಅದರೊಳಗಿನ ಶಕ್ತಿಯೂ ಶೇ. 10ಕ್ಕಿಂತ ಸ್ವಲ್ಪ ಹೆಚ್ಚು. ಎರಡನೇದು, ಡೀಸೆಲ್ ಎಂಜಿನ್ ಗಾಳಿಯನ್ನ ತುಂಬಾ ಬಿಗಿಯಾಗಿ ಒತ್ತತ್ತೆ. ಮೂರನೇದು, ಪೆಟ್ರೋಲ್ ಎಂಜಿನ್ ನಿಧಾನ ಹೋಗುವಾಗ ಕಾರ್ಬ್ಯುರೇಟರಿನ ಬಾಗಿಲು ಅರ್ಧ ಮುಚ್ಚಿರತ್ತೆ, ಮೂಗು ಹಿಡಿದುಕೊಂಡು ಉಸಿರೆಳೆದ ಹಾಗೆ. ಹಳೇ ಡೀಸೆಲ್ಲಿನಲ್ಲಿ ಆ ಬಾಗಿಲೇ ಇಲ್ಲ. ಹಾಗಾಗಿ ಉಳಿತಾಯ ನಿಜ. ಆದರೆ ಆ ಉಳಿತಾಯ ರಸ್ತೆಗೆ ಇಳಿಯಬೇಕಾದ್ರೆ ಎಂಜಿನ್ ತನಗೆ ಒಗ್ಗುವ ವೇಗದಲ್ಲಿ ತಿರುಗಬೇಕು. ಅದನ್ನ ತೀರ್ಮಾನ ಮಾಡೋದು ಎಂಜಿನ್ ಅಲ್ಲ, ಕ್ರೌನ್ ಮತ್ತು ಪಿನಿಯನ್.

ನಮ್ಮಲ್ಲಿ ಹೆಚ್ಚು ಕಾಣೋದು ಸಿಜೆ-3ಬಿ, ಎತ್ತರದ ಬಾನೆಟ್ಟಿನ ಜೀಪು. ಅಮೆರಿಕದಲ್ಲಿ 1953ರಲ್ಲಿ ಬಂತು, ಇಲ್ಲಿ ಮಹೀಂದ್ರದವರು ಎಷ್ಟೋ ವರ್ಷ ಅದನ್ನೇ ಕಟ್ಟಿದರು. ಬಾನೆಟ್ ಎತ್ತರ ಆಗಿದ್ದು ಅಂದಕ್ಕಲ್ಲ, ಒಳಗಿನ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರ ಇದ್ದಿದ್ದಕ್ಕೆ. ಅದು 2199 ಸಿಸಿ, 4000 ಆರ್‌ಪಿಎಂಗೆ 75 ಅಶ್ವಶಕ್ತಿ. ಅಷ್ಟು ತಿರುಗೋ ಎಂಜಿನ್ನಿಗೆ ಹೊಂದಿಸಿ ಆಕ್ಸಲ್ಲಿಗೆ 5.38 ರೇಶಿಯೋ ಕೊಟ್ಟರು. ಅಂದ್ರೆ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಚಕ್ರ ಒಂದು ಸುತ್ತು ಬರಬೇಕಾದ್ರೆ ಪ್ರೊಪೆಲ್ಲರ್ ಶಾಫ್ಟ್ ಐದೂ ಕಾಲಿಗಿಂತ ಸ್ವಲ್ಪ ಹೆಚ್ಚು ಸುತ್ತು ತಿರುಗಬೇಕು.

ಈಗ ಲೆಕ್ಕ ಮಾಡಿ. 6.00-16 ಟೈರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗತ್ತೆ. ಗಂಟೆಗೆ 60 ಕಿ.ಮೀ. ಅಂದ್ರೆ ನಿಮಿಷಕ್ಕೆ 1000 ಮೀಟರ್, ಚಕ್ರಕ್ಕೆ ಸುಮಾರು 455 ಸುತ್ತು. ಟಾಪ್ ಗೇರಲ್ಲಿ ಗೇರ್ ಬಾಕ್ಸ್ ಒಂದಕ್ಕೊಂದು. ಹಾಗಾಗಿ 455ನ್ನ 5.38ರಿಂದ ಗುಣಿಸಿದ್ರೆ ಎಂಜಿನ್ ಹತ್ತಿರ ಹತ್ತಿರ 2450 ಆರ್‌ಪಿಎಂ. 4000ದವರೆಗೆ ತಿರುಗೋ ಪೆಟ್ರೋಲ್ ಎಂಜಿನ್ನಿಗೆ ಇದು ಆರಾಮದ ನಡಿಗೆ.

ಅದೇ ಜಾಗಕ್ಕೆ ಟ್ರ್ಯಾಕ್ಟರ್ ಜಾತಿಯ ಡೀಸೆಲ್ ಎಂಜಿನ್ ತಂದು ಕೂರಿಸಿದ್ರಿ ಅಂತ ಇಟ್ಕೊಳ್ಳಿ. ಗವರ್ನರ್ 2200ಕ್ಕೆ ಕಟ್ ಮಾಡತ್ತೆ ಅಂದ್ರೆ ನಿಮ್ಮ ಜೀಪು 54 ಕಿ.ಮೀ. ದಾಟಲ್ಲ. ಐವತ್ತರಲ್ಲೇ ಅದು ಕಿರುಚ್ತಾ ಇರತ್ತೆ. ಎಂಜಿನ್ ಒಳಗಿನ ಉಜ್ಜಾಟ ಸುತ್ತು ಹೆಚ್ಚಿದಂಗೆ ಹೆಚ್ಚತ್ತೆ, ಆ ಉಜ್ಜಾಟಕ್ಕೂ ಡೀಸೆಲ್ ಸುಡಬೇಕು. ಎಳೆತ ಎಲ್ಲಾ ಕೆಳಗಿನ ಆರ್‌ಪಿಎಂನಲ್ಲಿ ಇಟ್ಕೊಂಡಿರೋ ಎಂಜಿನ್ನನ್ನ ಮೇಲಿನ ತುದಿಯಲ್ಲಿ ಓಡಿಸಿ, "ಮೈಲೇಜ್ ಬರ್ತಾ ಇಲ್ಲ, ಪಂಪ್ ನೋಡಿ, ನಾಜಲ್ ನೋಡಿ" ಅಂತ ಮತ್ತೆ ಗ್ಯಾರೇಜಿಗೆ ಹೋಗೋದು. ಅಲ್ಲಿ ಪಂಪ್ ಬಿಚ್ತಾರೆ, ಮತ್ತೊಂದು ಬಿಲ್. ಗಟ್ಟಿ ಎತ್ತನ್ನ ಕಟ್ಟಿ ಕುದುರೆ ಓಟ ಓಡಿಸಿ, ಎತ್ತು ಸುಸ್ತಾಯ್ತು ಅಂತ ಬೈದ ಹಾಗಾಯ್ತು ಇದು.

ಕ್ರೌನ್ ಸೆಟ್ ಬದಲಿಸಿ 4.27 ಹಾಕಿದ್ರೆ, ಅಂದ್ರೆ 47ಕ್ಕೆ 11 ಹಲ್ಲು, ಅದೇ 60 ಕಿ.ಮೀ.ಗೆ ಎಂಜಿನ್ 1940ರ ಆಸುಪಾಸಿಗೆ ಇಳಿಯತ್ತೆ. 2200ಕ್ಕೆ 68 ಕಿ.ಮೀ. ಸಿಗತ್ತೆ. ಎಂಜಿನ್ ಅದೇ, ಡ್ರೈವರ್ ಅವನೇ, ಬದಲಾಗಿದ್ದು ಹಲ್ಲಿನ ಲೆಕ್ಕ ಅಷ್ಟೇ.

ಹಾಗಂತ ಎಲ್ಲಾ ಡೀಸೆಲ್ಲೂ ಒಂದೇ ಅಲ್ಲ. ಎಂಎಂ540ರಲ್ಲಿ ಬರ್ತಿದ್ದ ಪ್ಯೂಜೋ ಎಕ್ಸ್‌ಡಿಪಿ 2112 ಸಿಸಿ ಎಂಜಿನ್ 4500 ಆರ್‌ಪಿಎಂವರೆಗೆ ತಿರುಗೋ ಜಾತಿ. ಅದಕ್ಕೆ 5.38 ಭಾರ ಆಗಲ್ಲ. ಅದಕ್ಕೆ ಹೋಗಿ 4.27 ಹಾಕಿದ್ರೆ ಘಾಟಿಯಲ್ಲಿ ಕೆಮ್ಮತ್ತೆ. ಅದಕ್ಕೇ ಹೇಳೋದು, "ಡೀಸೆಲ್ ಎಂಜಿನ್ ಇದೆ ಅಣ್ಣ, ಚೆನ್ನಾಗಿದೆ" ಅಂದ್ರೆ ಸಾಲದು. ಎಷ್ಟು ಆರ್‌ಪಿಎಂನ ಎಂಜಿನ್, ಎಳೆತ ಎಲ್ಲಿ ಜಾಸ್ತಿ ಅಂತ ಕೇಳಿ. ಉತ್ತರ ಗೊತ್ತಿಲ್ಲದವನ ಕೈಗೆ ಸ್ಪ್ಯಾನರ್ ಕೊಡಬೇಡಿ.

ಈಗ ನೀವು ಹೇಳ್ತೀರಿ, "ನಮ್ಮದು ಗುಡ್ಡದ ಊರು ಮಾರಾಯ್ರೆ, ಚಾರ್ಮಾಡಿ ಹತ್ತಬೇಕು, ತೋಟದ ಏರು ಹತ್ತಬೇಕು, ಲೋ ರೇಶಿಯೋ ಇಲ್ಲದೆ ಆಗತ್ತಾ?" ಸರಿಯಾದ ಮಾತು. 5.38ರಲ್ಲಿ ಮೊದಲ ಗೇರ್ ಹಾಕಿ 1000 ಆರ್‌ಪಿಎಂನಲ್ಲಿ ಬಿಟ್ರೆ ಗಾಡಿ ಗಂಟೆಗೆ 9 ಕಿ.ಮೀ.ಗಿಂತ ಸ್ವಲ್ಪ ಕಮ್ಮಿ ಹೋಗತ್ತೆ. 4.27ರಲ್ಲಿ 11. ಲೋಡ್ ಹಾಕ್ಕೊಂಡು ಒದ್ದೆ ಮಣ್ಣಲ್ಲಿ ಇಳಿಯುವಾಗ ಈ ಎರಡು ಕಿ.ಮೀ. ಕ್ಲಚ್ಚಿಗೂ ಬ್ರೇಕಿಗೂ ಗೊತ್ತಾಗತ್ತೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಇದೆ ನಿಜ, ಆದ್ರೆ ಡಾಂಬರು ಘಾಟಿಯಲ್ಲಿ ಅದನ್ನ ಹಾಕೋ ಹಾಗಿಲ್ಲ.

ಇದಕ್ಕೆ ದಾರಿ ಇದೆ. ಕ್ರೌನ್ ಮುಟ್ಟದೆ ಐದು ಗೇರಿನ ಬಾಕ್ಸ್ ಹಾಕಿ. ಐದನೇ ಗೇರ್ ಓವರ್‌ಡ್ರೈವ್ 0.8 ಇದ್ರೆ, 5.38ಕ್ಕೆ 0.8 ಗುಣಿಸಿ. 4.3 ಆಯ್ತು. ಅಂದ್ರೆ ಹೈವೇಯಲ್ಲಿ 4.27ರ ಸುಖ, ಏರಿನಲ್ಲಿ 5.38ರ ಬಲ, ಎರಡೂ ಕೈಯಲ್ಲಿ. ಬಾಕ್ಸ್ ಉದ್ದ ಆಗೋದ್ರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಬೇಕು, ಆಗ ಜಾಯಿಂಟಿನ ಬಾಗು ಜಾಸ್ತಿ ಆಗತ್ತೆ. ಇದನ್ನ ಅಳೆದು ಮಾಡೋ ಮೆಕ್ಯಾನಿಕ್ ಬೇಕು, ವೆಲ್ಡಿಂಗ್ ಕಡ್ಡಿ ಹಿಡಿದು ಅಂದಾಜಿನ ಮೇಲೆ ಮಾಡೋನಲ್ಲ.

ಕ್ರೌನನ್ನೇ ಬದಲಿಸ್ತೀರಿ ಅಂದ್ರೆ ಒಂದು ಮಾತು ಗೋಡೆ ಮೇಲೆ ಬರೆದಿಟ್ಕೊಳ್ಳಿ. ಫೋರ್ ವೀಲ್ ಗಾಡಿಗೆ ಮುಂದಿನ ಆಕ್ಸಲ್ಲಿನ ರೇಶಿಯೋನೂ ಹಿಂದಿನದರಷ್ಟೇ ಇರಬೇಕು. ಹಿಂದೆ 4.27 ಹಾಕಿ ಮುಂದೆ 5.38 ಬಿಟ್ಟು ಫೋರ್ ವೀಲ್ ಎಳೆದ್ರೆ ಮುಂದಿನ ಚಕ್ರ ಒಂದು ವೇಗ ಕೇಳತ್ತೆ, ಹಿಂದಿನದು ಇನ್ನೊಂದು. ನಡುವೆ ಸಿಕ್ಕಿ ಒಡೆಯೋದು ಟ್ರಾನ್ಸ್‌ಫರ್ ಕೇಸ್. "ಫೋರ್ ವೀಲ್ ಯಾವಾಗಲೋ ಒಂದಿನ ಹಾಕೋದು, ನಡೀತದೆ" ಅನ್ನೋರು, ಆ ಒಂದಿನ ಜೂನ್ ತಿಂಗಳ ಕೆಸರಲ್ಲಿ, ಊರಿಂದ ದೂರ ಬರತ್ತೆ ಅನ್ನೋದು ನೆನಪಿಡಿ.

ನಿಮ್ಮ ಗಾಡಿಯಲ್ಲಿ ಈಗ ಏನಿದೆ ಅಂತ ತಿಳ್ಕೊಳ್ಳೋಕೆ ಐದು ನಿಮಿಷ ಸಾಕು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ನೆಲದಲ್ಲಿರೋ ಮೂರೂ ಚಕ್ರಕ್ಕೆ ದೊಡ್ಡ ಕಲ್ಲು ಕೊಡಿ. ಹಿಂದಿನ ಒಂದೇ ಚಕ್ರ ಜಾಕ್ ಹಾಕಿ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ. ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಈ ಜೀಪಿನಲ್ಲಿ ಅದು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯೋದು. ಅದಕ್ಕೇ ಕಲ್ಲು ಗಟ್ಟಿಯಾಗಿರಲಿ, ಗಾಡಿ ಅಡಿಗೆ ಯಾರೂ ನುಗ್ಗಬೇಡಿ. ಶಾಫ್ಟಿಗೆ ಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನ ಎರಡು ಪೂರ್ತಿ ಸುತ್ತು ತಿರುಗಿಸಿ, ಇನ್ನೊಬ್ಬರು ಪಕ್ಕದಿಂದ ಶಾಫ್ಟಿನ ಸುತ್ತು ಎಣಿಸಲಿ. ಐದೂ ಕಾಲು ದಾಟಿದ್ರೆ 5.38. ಐದಕ್ಕೆ ಸ್ವಲ್ಪ ಕಮ್ಮಿ ಅಂದ್ರೆ 4.88. ನಾಲ್ಕೂ ಕಾಲು ಅಂದ್ರೆ 4.27. ಹಳೇ ಗಾಡಿಯಲ್ಲಿ ಯಾರು ಯಾವಾಗ ಏನು ಹಾಕಿದ್ದಾರೋ ದೇವರಿಗೇ ಗೊತ್ತು, ಎಣಿಸದೆ ಮಾತಾಡಬೇಡಿ.

ಇನ್ನು ಮೈಲೇಜ್ ಬಡಾಯಿ. ಈ ಜೀಪಿನ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿಂದ ಬರೋದು. ಅದು ಶಾಫ್ಟಿನ ಸುತ್ತು ಎಣಿಸತ್ತೆ, ಚಕ್ರದ ಸುತ್ತಲ್ಲ. 5.38 ತೆಗೆದು 4.27 ಹಾಕಿದ್ರೆ, ನೀವು 100 ಕಿ.ಮೀ. ಹೋದಾಗ ಮೀಟರ್ 79 ತೋರಿಸತ್ತೆ. ನಿಜವಾಗಿ ಲೀಟರಿಗೆ 14 ಬಂದ್ರೂ ಮೀಟರ್ ಲೆಕ್ಕದಲ್ಲಿ 11. "ರೇಶಿಯೋ ಬದಲಿಸಿ ಮೈಲೇಜ್ ಬಿದ್ದೋಯ್ತು" ಅನ್ನೋ ಎಷ್ಟೋ ಕಥೆಯ ಬೇರು ಇಲ್ಲಿದೆ. ಹಾಗೇ 7.00-16 ಟೈರ್ ಹಾಕಿದ್ರೂ ಮೀಟರ್ ಕಮ್ಮಿ ತೋರಿಸತ್ತೆ, ಟೈರ್ ಸುಮಾರು ಶೇ. 7-8 ದೊಡ್ಡದು. ಟ್ಯಾಂಕ್ ಬಾಯಿವರೆಗೆ ತುಂಬಿಸಿ, ಕಿಲೋಮೀಟರ್ ಕಲ್ಲು ನೋಡಿ ಅಥವಾ ಮೊಬೈಲ್ ಮ್ಯಾಪ್ ಇಟ್ಟು ಓಡಿಸಿ, ಅದೇ ಬಂಕಲ್ಲಿ ಮತ್ತೆ ತುಂಬಿಸಿ. ಅದು ಲೆಕ್ಕ. ಉಳಿದಿದ್ದು ಕಟ್ಟೆ ಪುರಾಣ.

ಕೊನೆಗೆ ದುಡ್ಡಿನ ವಿಷಯ, ಇದೇ ಮುಖ್ಯ. ನಮ್ಮ ಅಪ್ಪಂದಿರ ಕಾಲದಲ್ಲಿ ಡೀಸೆಲ್ ಪೆಟ್ರೋಲಿಗಿಂತ ಎಷ್ಟೋ ಅಗ್ಗ. ಎಂಜಿನ್ ಬದಲಿಸಿದವರು ಬುದ್ಧಿವಂತರೇ. ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರ ಅಕ್ಟೋಬರಿನಲ್ಲಿ ಸರ್ಕಾರದ ಕೈ ಬಿಟ್ಟಿತು. ಆಮೇಲೆ ಆ ಅಂತರ ಕರಗಿತು. ಪೆಟ್ರೋಲಿಗೆ 103, ಡೀಸೆಲ್ಲಿಗೆ 91 ಅಂತ ಹಿಡಿಯಿರಿ. ಎರಡು ಎಕರೆ, ಮೂರು ಎಕರೆಯ ನಮ್ಮಂಥವರ ಜೀಪು ವರ್ಷಕ್ಕೆ 3000 ಕಿ.ಮೀ. ಓಡಿದ್ರೆ ಹೆಚ್ಚು. ಪೆಟ್ರೋಲಲ್ಲಿ ಲೀಟರಿಗೆ 8 ಅಂದ್ರೆ ಖರ್ಚು 38,600 ರೂಪಾಯಿ. ಡೀಸೆಲಲ್ಲಿ ಗೇರಿಂಗ್ ಸರಿ ಇದ್ದು 12 ಕೊಟ್ರೆ 22,750. ಉಳಿತಾಯ ವರ್ಷಕ್ಕೆ 16 ಸಾವಿರಕ್ಕೂ ಕಮ್ಮಿ. ಗೇರಿಂಗ್ ತಪ್ಪಿ 10 ಕೊಟ್ರೆ ಉಳಿತಾಯ 11 ಸಾವಿರ ಚಿಲ್ಲರೆ. ಎಂಜಿನ್, ಅಡಾಪ್ಟರ್, ಕ್ಲಚ್, ರೇಡಿಯೇಟರ್, ಮುಂದಿನ ಪಟ್ಟಿ ಎಲ್ಲಾ ಸೇರಿ ಎರಡು ಲಕ್ಷ ಆದ್ರೆ, ಮೊದಲನೇ ಲೆಕ್ಕದಲ್ಲಿ ದುಡ್ಡು ವಾಪಸ್ ಬರೋಕೆ ಹನ್ನೆರಡೂವರೆ ವರ್ಷ, ಎರಡನೇದರಲ್ಲಿ ಹದಿನೇಳು ದಾಟತ್ತೆ. ಅಷ್ಟರಲ್ಲಿ ಹೊಸ ಅಡಿಕೆ ಸಸಿ ಫಲಕ್ಕೆ ಬಂದು ಹಳತಾಗಿರತ್ತೆ.

ವರ್ಷಕ್ಕೆ 10,000 ಕಿ.ಮೀ. ಓಡಿಸೋರಿಗೆ ನಾಲ್ಕು ವರ್ಷದಲ್ಲಿ ಹುಟ್ಟತ್ತೆ, ಅವರು ಹಾಕಿಸ್ಲಿ. ತೋಟದೊಳಗೇ 30ರ ವೇಗದಲ್ಲಿ ಓಡೋ ಗಾಡಿಗೆ ಎಂಜಿನ್ 1200 ಆರ್‌ಪಿಎಂ ಚಿಲ್ಲರೆಯಲ್ಲಿ ಇರತ್ತೆ, ಅದಕ್ಕೆ ರೇಶಿಯೋ ಮುಟ್ಟೋದೂ ಬೇಡ. ಪೆಟ್ರೋಲ್ ಎಂಜಿನ್ ಇನ್ನೂ ಜೀವ ಇದ್ರೆ ಕಾರ್ಬ್ಯುರೇಟರ್, ಪಾಯಿಂಟ್, ಟೈಮಿಂಗ್, ಬ್ರೇಕ್ ಹಿಡಿಯೋದು ಮೊದಲು ಸರಿ ಮಾಡಿಸಿ. ಜ್ಯಾಮ್ ಆದ ಬ್ರೇಕ್ ಎಳ್ಕೊಂಡು ಓಡೋ ಗಾಡಿಗೆ ಯಾವ ಎಂಜಿನ್ ಹಾಕಿದ್ರೂ ಅಷ್ಟೇ.

ಕಾಗದ ಪತ್ರದ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಗೂ ತಾಳೆ ತಪ್ಪೋ ಹಾಗೆ ಬದಲಾವಣೆ ಮಾಡೋ ಹಾಗಿಲ್ಲ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಒಳಗೆ ಬೇರೆ ನಂಬರಿನ ಡೀಸೆಲ್ ಎಂಜಿನ್ ಇದ್ರೆ, ಕೂಲಿಯವರನ್ನ ಹತ್ತಿಸಿಕೊಂಡು ಹೋಗುವಾಗ ಏನಾದ್ರೂ ಆದ್ರೆ ಇನ್ಶೂರೆನ್ಸಿನವರು ಮೊದಲು ಹುಡುಕೋದು ಅದನ್ನೇ. ಆರ್‌ಟಿಓ ಮೊದಲು, ಗ್ಯಾರೇಜು ಆಮೇಲೆ.

ಹಾಗಾಗಿ ಎಂಜಿನ್ ಮಾರೋಕೆ ಬಂದವನಿಗೆ ಮೂರೇ ಪ್ರಶ್ನೆ ಕೇಳಿ. ಇದರ ಗವರ್ನರ್ ಎಷ್ಟಕ್ಕೆ ಕಟ್? ನನ್ನ ಆಕ್ಸಲ್ಲಿನ ಹಲ್ಲೆಷ್ಟು? 60 ಕಿ.ಮೀ.ಗೆ ಇದು ಎಷ್ಟು ಆರ್‌ಪಿಎಂ ತಿರುಗತ್ತೆ? ಮೂರಕ್ಕೂ ಬರೆದು ಉತ್ತರ ಕೊಟ್ರೆ ಕೂತು ಮಾತಾಡಿ. "ಅದೆಲ್ಲ ಏನೂ ಬೇಡ ಅಣ್ಣ, ನಾನಿದ್ದೀನಲ್ಲ" ಅಂದ್ರೆ ಅಡ್ವಾನ್ಸ್ ಜೇಬಲ್ಲೇ ಇರಲಿ. ನಾನು ಹೇಳಿದ್ದು ಒಪ್ಪಿಗೆ ಇಲ್ಲದವರು ಲೆಕ್ಕ ಹಾಕಿಕೊಂಡು ಬನ್ನಿ, ನಮ್ಮನೆ ಜಗಲಿಯಲ್ಲಿ ಕಾಫಿ ಕುಡೀತಾ ನೋಡೋಣ. ಬರೋವಾಗ ಶಾಫ್ಟಿನ ಸುತ್ತು ಎಣಿಸಿಕೊಂಡು ಬನ್ನಿ.