ಗೋಹರಬಾಯಿ ಮೇಲಿನ ಅಪವಾದ ಸಾಕು

ಮರಾಠಿ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರಗಳಿಗೆ ಹೆಸರಾದ ಬಾಲಗಂಧರ್ವರಂಥ ಮಹಾನಟನನ್ನು ಬೀಳಗಿಯ ಹಾಡುಗಾರ್ತಿ ಗೋಹರಬಾಯಿ ಹಾಳು ಮಾಡಿದಳು ಎಂಬ ಮಾತು ಎಂಟು ದಶಕ ಕಳೆದರೂ ಸತ್ತಿಲ್ಲ. ಮೋಡಿ ಹಾಕಿದಳಂತೆ, ಮನೆ ಮುರಿದಳಂತೆ, ಕಂಪನಿ ಮುಳುಗಿಸಿದಳಂತೆ. ಪುಣೆ, ಮುಂಬೈಯ ಹಳೆಯ ರಂಗಾಭಿಮಾನಿಗಳು ಹೀಗೆ ಹೇಳಿದರೆ ಅವರ ಸಂಕಟವಾದರೂ ಅರ್ಥವಾಗುತ್ತದೆ. ನಮ್ಮ ಬಾಗಲಕೋಟೆ ಸೀಮೆಯವರೇ ನಾಟಕದ ಮಾತು ಬಂದಾಗ ಇದನ್ನು ಬಾಯಿ ಚಪ್ಪರಿಸಿ ಹೇಳುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಈ ಆರೋಪ ಸುಳ್ಳು. ಸುಳ್ಳೆಂದು ತೋರಿಸಲು ಇಸವಿಗಳೇ ಸಾಕು.

ಗಂಧರ್ವ ನಾಟಕ ಮಂಡಳಿ ಹುಟ್ಟಿದ್ದು 1913ರಲ್ಲಿ. 1921ರಲ್ಲಿ ಬಾಲಗಂಧರ್ವರು ಅದರ ಏಕೈಕ ಒಡೆಯರಾದಾಗ ಕಂಪನಿಯ ತಲೆಯ ಮೇಲೆ ದೊಡ್ಡ ಸಾಲವಿತ್ತು. ಅದನ್ನು ತೀರಿಸಲು ಏಳು ವರ್ಷ ಹಿಡಿಯಿತು. ರಂಗದ ಮೇಲೆ ಬೆಲೆಬಾಳುವ ಸೀರೆ, ಒಡವೆ, ಪರದೆ, ಅತ್ತರು ಎಲ್ಲವೂ ಅಸಲಿಯೇ ಆಗಬೇಕೆಂಬುದು ಅವರ ಹಟ. ಆ ವೈಭವವನ್ನು ನೋಡಿ ಮೆಚ್ಚಿದ ಪ್ರೇಕ್ಷಕರು ಅದರ ಖರ್ಚಿನ ಬಗ್ಗೆ ಯೋಚಿಸಲಿಲ್ಲ. ಅಷ್ಟರಲ್ಲಿ ಮಾತಿನ ಸಿನಿಮಾ ಬಂತು. 1931ರಲ್ಲಿ ಹಿಂದಿಯ 'ಆಲಂ ಆರಾ', ಮರುವರ್ಷ ಮರಾಠಿಯ 'ಅಯೋಧ್ಯೇಚಾ ರಾಜಾ'. ರಾತ್ರಿಯಿಡೀ ಸಂಗೀತ ನಾಟಕ ನೋಡುತ್ತಿದ್ದ ಮಂದಿ ಥೇಟರಿನ ಕಡೆ ಹೊರಳಿದರು. ಸ್ವತಃ ಬಾಲಗಂಧರ್ವರೇ ಪ್ರಭಾತ್ ಫಿಲ್ಮ್ ಕಂಪನಿಯ ಜೊತೆ ಆರು ಚಿತ್ರಗಳ ಕರಾರು ಮಾಡಿಕೊಂಡರು. ವಿ. ಶಾಂತಾರಾಂ ನಿರ್ದೇಶನದ 'ಧರ್ಮಾತ್ಮಾ' 1935ರಲ್ಲಿ ಬಂತು. ಅದರಲ್ಲಿ ಸಂತ ಏಕನಾಥರ ಪಾತ್ರ ಮಾಡಿದ ಅವರು, ಆ ಒಂದೇ ಚಿತ್ರಕ್ಕೆ ಕರಾರು ಮುಗಿಸಿ ಹೊರಬಂದರು.

ಗೋಹರಬಾಯಿ ಅವರು ನಟಿಯಾಗಿ, ಗಾಯಕಿಯಾಗಿ ಗಂಧರ್ವ ಕಂಪನಿಗೆ ಸೇರಿದ್ದು ಇಷ್ಟೆಲ್ಲ ಆದ ಮೇಲೆ, 1938ರಲ್ಲಿ. ಬಾಲಗಂಧರ್ವರು ಹುಟ್ಟಿದ್ದು 1888ರಲ್ಲಿ, ಅಂದರೆ ಆಗ ಅವರಿಗೆ ಐವತ್ತು. ಐವತ್ತರ ಗಂಡಸು ರುಕ್ಮಿಣಿಯಾಗಿ, ಸಿಂಧುವಾಗಿ ಇನ್ನೆಷ್ಟು ದಿನ ಸೀರೆ ಉಟ್ಟು ನಿಲ್ಲಬಹುದಿತ್ತು? ಕಂಪನಿಗೆ ಹೊಸ ಕಂಠ ಬೇಕಿತ್ತು, ಹೊಸ ನಾಯಕಿ ಬೇಕಿತ್ತು. ಅದಕ್ಕೂ ಮೊದಲೇ ಗೋಹರಬಾಯಿ ಗ್ರಾಮಫೋನು ಮತ್ತು ಸಿನಿಮಾಗಳಿಂದ ಹೆಸರಾಗಿದ್ದರು. ಮುಳುಗುತ್ತಿದ್ದ ಕಂಪನಿಗೆ ಆಸರೆಯಾಗಿ ನಿಂತವರನ್ನೇ ಮುಳುಗಿಸಿದವರೆಂದು ಬರೆದುಕೊಂಡರು.

'ಕಾನ್ಹೋಪಾತ್ರಾ' ಎಂಬ ನಾಟಕವನ್ನು ಇಲ್ಲಿ ನೆನೆಯಲೇಬೇಕು. 1931ರ ಆ ನಾಟಕದ ನಾಯಕಿ ಮಂಗಳವೇಢೆಯ ಗಣಿಕೆಯ ಮಗಳು. ಬೀದರಿನ ಬಾದಶಹನ ಕಡೆಯವರು ಎಳೆದೊಯ್ಯಲು ಬಂದಾಗ ಪಂಢರಪುರದ ವಿಠ್ಠಲನ ಪಾದದಲ್ಲಿ ಪ್ರಾಣ ಬಿಟ್ಟ ಸಂತಳು. ಬಾಲಗಂಧರ್ವರು ಈ ಪಾತ್ರ ಮಾಡಿದಾಗ ಜನ ಕಣ್ಣೀರಿಟ್ಟರು, ಕೈ ಮುಗಿದರು. ಹಾಡುವ ಮನೆತನದ ಹೆಣ್ಣಿನ ಮನಸ್ಸು ಎಷ್ಟು ನಿರ್ಮಲವಾಗಿರಬಲ್ಲದು ಎಂಬುದನ್ನು ಗಂಡಸೊಬ್ಬ ಸೀರೆ ಉಟ್ಟು ತೋರಿಸಿದಾಗ ಎಲ್ಲರೂ ಒಪ್ಪಿದರು. ಅಂಥದೇ ಮನೆತನದ ಹೆಣ್ಣು, ಅದರಲ್ಲೂ ಮುಸಲ್ಮಾನರ ಮಗಳು, ಅದೇ ರಂಗ ಏರಿದಾಗ ಆಕೆ ಮಾಟಗಾತಿಯಾದಳು. ಈ ಅನ್ಯಾಯಕ್ಕೆ ಜಾತಿ, ಧರ್ಮ, ಹೆಣ್ಣು ಎಂಬ ಮೂರೂ ಕಾರಣಗಳಿವೆ. ಕಲೆಯ ಮೇಲಿನ ಕಾಳಜಿ ಎಂಬುದು ಹೊದಿಕೆ ಮಾತ್ರ.

ಬಾಲಗಂಧರ್ವರ ಮೊದಲ ಹೆಂಡತಿ ಲಕ್ಷ್ಮೀಬಾಯಿ ಪಟ್ಟ ಪಾಡನ್ನು ಎತ್ತಿ ಕೆಲವರು ವಾದ ಮಾಡುತ್ತಾರೆ. ಆ ತಾಯಿಯ ನೋವು ಸಣ್ಣದಲ್ಲ. 1940ರಲ್ಲಿ ಅವರು ತೀರಿಕೊಂಡರು. ಆದರೆ ಆ ನೋವಿಗೆ ಉತ್ತರ ಕೇಳಬೇಕಾದದ್ದು ಕೈ ಹಿಡಿದ ಗಂಡನನ್ನು. ಗಂಡನಿಗೆ ದೇವರ ಪಟ್ಟ ಕೊಟ್ಟು, ತಪ್ಪನ್ನೆಲ್ಲ ಇನ್ನೊಬ್ಬ ಹೆಂಗಸಿನ ತಲೆಗೆ ಕಟ್ಟುವುದು ಯಾವ ನ್ಯಾಯ? 1951ರಲ್ಲಿ ಬಾಲಗಂಧರ್ವರೂ ಗೋಹರಬಾಯಿಯೂ ಮದುವೆಯಾದರು. ಮರುವರ್ಷ ಬಾಲಗಂಧರ್ವರಿಗೆ ಲಕ್ವಾ ಹೊಡೆಯಿತು. ಒಂದು ಕಾಲಕ್ಕೆ ಮಹಾರಾಷ್ಟ್ರವೇ ಹೊತ್ತು ಮೆರೆಸಿದ ಆ ನಟ ಎದ್ದು ಓಡಾಡಲಾರದ ಸ್ಥಿತಿಗೆ ಬಂದಾಗ ಪಕ್ಕದಲ್ಲಿದ್ದವರು ಗೋಹರಬಾಯಿ. ಬಾಲಗಂಧರ್ವರಿಗೆ ಪದ್ಮಭೂಷಣ ಬಂದ 1964ರಲ್ಲೇ ಗೋಹರಬಾಯಿ ತೀರಿಕೊಂಡರು. ಹಣಕ್ಕಾಗಿ ಬಂದವರು ಸಾಲಗಾರನೊಬ್ಬನ ಹಾಸಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ಕೂರುವುದಿಲ್ಲ.

2011ರಲ್ಲಿ ರವಿ ಜಾಧವ್ ನಿರ್ದೇಶಿಸಿದ ಮರಾಠಿ ಚಿತ್ರ 'ಬಾಲಗಂಧರ್ವ' ಈ ಕಥೆಯನ್ನು ಹೊಸ ತಲೆಮಾರಿನ ಮುಂದಿಟ್ಟಿತು. ಆ ಪಾತ್ರ ಮಾಡಿದ ಸುಬೋಧ ಭಾವೆ ಅವರ ಖ್ಯಾತಿ ಎಲ್ಲಿಗೋ ಏರಿತು. ಹಾಡಿದ ಆನಂದ ಭಾಟೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪುಣೆಯಲ್ಲಿ 1968ರಿಂದಲೇ ಬಾಲಗಂಧರ್ವ ರಂಗಮಂದಿರವಿದೆ. ಮರಾಠಿಗರು ತಮ್ಮ ನಟನನ್ನು ಮರೆತಿಲ್ಲ, ಅದು ಅವರ ದೊಡ್ಡತನ. ನಾವು ನಮ್ಮ ಮನೆಮಗಳಿಗೆ ಏನು ಮಾಡಿದೆವು?

ಗೋಹರಬಾಯಿಯ ತಂಗಿ ಅಮೀರಬಾಯಿ ಕರ್ನಾಟಕಿ ಅವರ ಹೆಸರಾದರೂ ಒಂದಿಷ್ಟು ಉಳಿದಿದೆ. 1943ರ 'ಕಿಸ್ಮತ್' ಚಿತ್ರದ ಹಾಡುಗಳು ದೇಶದ ಮನೆಮನೆಗೆ ಅವರ ದನಿಯನ್ನು ಮುಟ್ಟಿಸಿದವು. ವಿಜಯಪುರದ ಅಮೀರ್ ಟಾಕೀಸು ಅವರದೇ ಹೆಸರಿನದು. ರಹಮತ್ ತರೀಕೆರೆ ಅವರು ಆಕೆಯ ಬದುಕನ್ನು ಕನ್ನಡದಲ್ಲಿ ಪುಸ್ತಕವಾಗಿಸಿದರು. ಅಕ್ಕನ ಪಾಲಿಗೆ ಬಂದದ್ದು ಅಪವಾದ. ಇಬ್ಬರೂ ಮುಂಬೈಯಲ್ಲಿ ಹೆಸರಿನ ಜೊತೆ 'ಕರ್ನಾಟಕಿ' ಎಂದು ಹಚ್ಚಿಕೊಂಡೇ ಬಾಳಿದರು. ಏಕೀಕರಣಕ್ಕೂ ಎಷ್ಟೋ ಮೊದಲು ಕರ್ನಾಟಕದ ಹೆಸರನ್ನು ಗ್ರಾಮಫೋನು ತಟ್ಟೆಯ ಮೇಲೆ ಅಚ್ಚು ಹಾಕಿಸಿದವರು ಈ ಅಕ್ಕತಂಗಿಯರು ಎಂಬುದನ್ನು ಕನ್ನಡಾಭಿಮಾನದ ಭಾಷಣ ಮಾಡುವವರು ಒಮ್ಮೆ ನೆನೆಯಲಿ.

ಇದು ಬರೀ ಹಳೆಯ ಕಥೆಯಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಟೆಂಟು ಹಾಕುತ್ತವೆ. ಆ ಟೆಂಟುಗಳು ತುಂಬುವುದು ನಟಿಯರ ದುಡಿಮೆಯಿಂದ. ಟಿಕೆಟು ಕೊಂಡು ಒಳಗೆ ಸಿಳ್ಳೆ ಹೊಡೆದವರೇ ಹೊರಗೆ ಬಂದು ಆ ಹೆಣ್ಣುಮಕ್ಕಳ ನಡತೆಯ ಬಗ್ಗೆ ಹಗುರವಾಗಿ ಆಡುತ್ತಾರೆ. ಗೋಹರಬಾಯಿ ಬಗ್ಗೆ ನಾವು ಒಪ್ಪಿಕೊಂಡು ಬಂದ ಸುಳ್ಳು ಇವರ ಮೇಲೂ ಬೀಳುತ್ತಿದೆ.

ಆಲಮಟ್ಟಿ ಹಿನ್ನೀರಿಗೆ ಊರು ಕೊಟ್ಟು ಬಂದವರು ಕಟ್ಟಿಕೊಂಡ ಬಾಗಲಕೋಟೆಯ ನವನಗರದಲ್ಲಿ ವಿಳಾಸವೆಂದರೆ ಇಂದಿಗೂ ಸೆಕ್ಟರ್ ನಂಬರು. ಅಲ್ಲಿನ ಒಂದು ದೊಡ್ಡ ರಸ್ತೆಗೆ, ಮುಂದೆ ಕಟ್ಟುವ ಯಾವುದಾದರೂ ರಂಗಮಂದಿರಕ್ಕೆ ಗೋಹರಬಾಯಿ ಮತ್ತು ಅಮೀರಬಾಯಿ ಅವರ ಹೆಸರಿಡಬೇಕೆಂದು ಜಿಲ್ಲಾಡಳಿತವನ್ನೂ ನಗರಾಡಳಿತವನ್ನೂ ಕೇಳುತ್ತೇನೆ. ಬೀಳಗಿಯಲ್ಲಿ ವರ್ಷಕ್ಕೊಂದು ಸಂಗೀತ ನಾಟಕೋತ್ಸವ ಅವರ ಹೆಸರಿನಲ್ಲಿ ನಡೆಯಲಿ, ಮರಾಠಿ ಕಲಾವಿದರನ್ನೂ ಅದಕ್ಕೆ ಕರೆಯೋಣ. ಓದುಗರಲ್ಲಿ ಇನ್ನೊಂದು ಮಾತು: ಮುಂದಿನ ಸಲ ಯಾರಾದರೂ ಬೀಳಗಿಯ ಹೆಣ್ಣು ಬಾಲಗಂಧರ್ವರನ್ನು ಹಾಳು ಮಾಡಿದಳು ಎಂದರೆ ಸುಮ್ಮನಿರಬೇಡಿ. 1921ರ ಸಾಲ ಯಾರದು ಎಂದು ಕೇಳಿ.