ಬೆನ್ನಟ್ಟುವುದನ್ನೂ ಕಲಿಸಬಹುದು

ನವೆಂಬರ್ ಬಂತೆಂದರೆ ಮೆಲ್ಬರ್ನ್‌ನಲ್ಲಿ ಡ್ರಾಫ್ಟ್‌ನದೇ ಮಾತು. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಕ್ಲಬ್‌ಗಳು ಹದಿನೆಂಟರ ಆಸುಪಾಸಿನ ಫೂಟಿ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕಾಲವದು. ಒಳ್ಳೆಯ ಹುಡುಗನೊಬ್ಬನ ಬಗ್ಗೆ ಆಗ ಒಂದು ದೂರು ಕೇಳಿಬರುತ್ತದೆ: ಚೆಂಡು ಕೈಯಲ್ಲಿದ್ದರೆ ಮಿಂಚು, ಎದುರಾಳಿಗೆ ಹೋದರೆ ನಿಂತುಬಿಡುತ್ತಾನೆ; ಅದು ಹುಟ್ಟುಗುಣ, ತಿದ್ದಲಾಗದು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ.

ಮಗನ ತಂಡಕ್ಕೆ ನೀರಿನ ಬಾಟಲಿ ಹಿಡಿದು ಮೈದಾನದೊಳಗೆ ಓಡುವವಳು ನಾನು. ಹತ್ತಿರದಿಂದ ಕಾಣುವುದೇ ಬೇರೆ. ಓರಗೆಯವರಿಗಿಂತ ಮೊದಲೇ ಎತ್ತರ ಬೆಳೆದ ಹುಡುಗನಿಗೆ ಚೆಂಡು ಸುಲಭವಾಗಿ ದಕ್ಕುತ್ತದೆ, ಯಾರನ್ನೂ ಅಟ್ಟಿಸಿಕೊಂಡು ಹೋಗುವ ಪ್ರಸಂಗವೇ ಅವನಿಗೆ ಬಂದಿರುವುದಿಲ್ಲ. ಅವನು ಗೋಲು ಹೊಡೆದಾಗ ಗೆರೆಯಾಚೆ ನಿಂತ ಅಪ್ಪಂದಿರೆಲ್ಲ ಕೂಗುತ್ತಾರೆ. ಜೀವ ಬಿಟ್ಟು ಓಡಿ ಎದುರಾಳಿಯ ಕಿಕ್ ತಪ್ಪುವಂತೆ ಮಾಡಿದವನಿಗೆ ಚಪ್ಪಾಳೆಯಿಲ್ಲ. ಇನ್ನು ಕೆಲವರು ನಿಲ್ಲುವುದು ಸೋಮಾರಿತನದಿಂದಲ್ಲ, ಎತ್ತ ಓಡಬೇಕೆಂದು ತಿಳಿಯದೆ. ಆಳಿನ ಬೆನ್ನು ಹತ್ತಬೇಕೋ, ಜಾಗ ಕಾಯಬೇಕೋ? ಹದಿನೆಂಟು ಜನ ಒಟ್ಟಿಗೆ ಸರಿಯಬೇಕಾದ ಆಟದಲ್ಲಿ ಇದು ಯಾರಾದರೂ ಹೇಳಿಕೊಡದೆ ಬರುವ ವಿದ್ಯೆಯಲ್ಲ.

2017ರ ರಿಚ್ಮಂಡ್ ತಂಡವನ್ನು ನೋಡಿ. ಹಿಂದಿನ ವರ್ಷ ಅದು 13ನೇ ಸ್ಥಾನದಲ್ಲಿತ್ತು. ಕೋಚ್ ಡೇಮಿಯನ್ ಹಾರ್ಡ್‌ವಿಕ್ ಎತ್ತರದ ಜ್ಯಾಕ್ ರೀವೋಲ್ಟ್ ಸುತ್ತ ಚಿಕ್ಕ ಆಳ್ತನದ ಚುರುಕು ಹುಡುಗರನ್ನು ನಿಲ್ಲಿಸಿದರು. ಡ್ಯಾನ್ ಬಟ್ಲರ್ 2014ರ ಡ್ರಾಫ್ಟ್‌ನಲ್ಲಿ 67ನೆಯ ಆಯ್ಕೆ. ಜೇಸನ್ ಕಸ್ಟಾನ್ಯ ಮುಖ್ಯ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ ರೂಕಿ ಡ್ರಾಫ್ಟ್‌ನಿಂದ ಬಂದವನು. ಚೆಂಡು ಕೈತಪ್ಪಿದ ಕ್ಷಣದಲ್ಲೇ ಎದುರಾಳಿಯ ಮೇಲೆ ಮುಗಿಬೀಳುವುದು ಇವರ ಕೆಲಸ. ಆ ಸೆಪ್ಟೆಂಬರ್‌ನಲ್ಲಿ ಅಡಿಲೇಡನ್ನು 48 ಅಂಕಗಳಿಂದ ಸೋಲಿಸಿ, 1980ರ ನಂತರ ಮೊದಲ ಬಾರಿಗೆ ರಿಚ್ಮಂಡ್ ಕಪ್ ಎತ್ತಿತು. ಇಂಥ ಹುಡುಗರನ್ನೇ ಹುಡುಕಿ ತಂದದ್ದರಿಂದ ಹಾಗಾಯಿತು ಎನ್ನುವವರಿದ್ದಾರೆ, ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಹಳಬರೂ ಅವರ ಜೊತೆ ಓಡಿದರಲ್ಲ, ಅವರ ಹುಟ್ಟುಗುಣ ಒಂದೇ ವರ್ಷದಲ್ಲಿ ಬದಲಾಯಿತೇ?

ಮನಸ್ಸೇ ಇಲ್ಲದ ಹುಡುಗರೂ ಇರುತ್ತಾರೆ, ನಿಜ. ಆದರೆ ಹೇಳಿಕೊಟ್ಟು ನೋಡುವ ಮೊದಲು ಅವರು ಯಾರೆಂದು ಗುರುತಿಸುವುದು ಹೇಗೆ? ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ 20 ಮೀಟರ್ ಓಟ, 2 ಕಿಲೋಮೀಟರ್ ಓಟ, ಜಿಗಿತ ಎಲ್ಲವನ್ನೂ ಅಳೆಯುತ್ತಾರೆ. ಮೂವತ್ತು ಮೀಟರ್ ಹಿಂದೆ ಬಿದ್ದರೂ ಅಟ್ಟಿಸಿಕೊಂಡು ಹೋಗುವ ಛಲಕ್ಕೆ ಅಲ್ಲಿ ಅಳತೆಗೋಲಿಲ್ಲ.

ಕಿರಿಯರ ತಂಡಗಳ ಕೋಚ್‌ಗಳಲ್ಲಿ ನನ್ನದೊಂದು ಕೋರಿಕೆ. ಪಂದ್ಯ ಮುಗಿದ ಮೇಲೆ ಗೋಲು ಹೊಡೆದವರ ಹೆಸರಿನ ಜೊತೆಗೆ ಟ್ಯಾಕಲ್ ಮಾಡಿದವರ, ಬೆನ್ನಟ್ಟಿ ಓಡಿದವರ ಹೆಸರನ್ನೂ ಎಲ್ಲರೆದುರು ಓದಿ. ಹನ್ನೆರಡನೇ ವಯಸ್ಸಿನಿಂದಲೇ ಓದಿ.